ನಿಮಗಿದು ಗೊತ್ತೆ? ಚೀನಾ ಪಂಡಿತರೂ ಕೊಡಗಿನ ವಿದ್ವಾಂಸರೂ

ಚೀನದ ಭಾಷೆ, ಸಾಹಿತ್ಯ, ಇತಿಹಾಸಗಳನ್ನು ಮೂಲಗ್ರಂಥಗಳಿಂದಲೇ ಅಭ್ಯಸಿಸಿದ ಪಂಡಿತನನ್ನು ‘ಸೈನಾಲಜಿಸ್ಟ್’ ಎಂದು ಕರೆಯುವರು; ಆ ದೇಶದ ರಾಜಕೀಯ ವಾರ್ತೆಗಳನ್ನು ಮಾತ್ರ ಬಲ್ಲವನಿಗೆ ಆ ನಾಮಧೇಯವು ಸಲ್ಲದು. ಕೊಡಗಿನ ಅಧ್ಯಯನಕ್ಕೆ ಅಂತಹ ಪ್ರತ್ಯೇಕ ಹೆಸರೊಂದು ರೂಢಿಗೆ ಬಾರದಿದ್ದರೂ, 1855ರಲ್ಲಿ ಕೊಡಗನ್ನು ಕುರಿತು ಗ್ರಂಥ ರಚಿಸಿದ ಹರ್ಮನ್ ಮೋಗ್ಲಿಂಗ್ ಮೊದಲ್ಗೊಂಡು, ಕೊಡವರ ಧರ್ಮ ಮತ್ತು ಸಮಾಜಗಳನ್ನು ಕುರಿತು 1952ರಲ್ಲಿ ವಿಖ್ಯಾತ ಪ್ರಬಂಧವನ್ನು ಪ್ರಕಟಿಸಿದ ಮೈಸೂರಿನ ಎಂ. ಎನ್. ಶ್ರೀನಿವಾಸರವರೆಗೆ ಆ ವಿದ್ವತ್ಪರಂಪರೆಯು ದೀರ್ಘವಾದುದು. ಕೆನಡದಲ್ಲಿ ಜನಿಸಿ, ಸಂಸ್ಕೃತದಲ್ಲಿ ಪಾಂಡಿತ್ಯ ಗಳಿಸಿ, 1935ರಿಂದ 1938ರವರೆಗೆ ದಕ್ಷಿಣ ಭಾರತದಲ್ಲಿದ್ದ ಮರ್ರೆ ಎಮೆನೊ ಅವರು ತೋಡ, ಕೋತ ಭಾಷೆಗಳೊಡನೆ ಕೊಡವ ನುಡಿಯನ್ನೂ ಅದನ್ನಾಡುವವರ ಬಾಯಿಂದಲೇ ಕೇಳಿ ಬರೆದುಕೊಂಡರು; ಟಿ. ಬರೋ ಅವರೊಡನೆ ಅವರು 1961ರಲ್ಲಿ ಹೊರತಂದ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ಆ ನುಡಿಗೂ ಸ್ಥಾನ ದೊರೆಯಿತು. ಆದರೂ ಇವರೆಲ್ಲರಲ್ಲಿ ಅಗ್ರಗಣ್ಯರೆನ್ನಬೇಕಾದವರು ನಡಿಕೇರಿಯಂಡ ಚಿಣ್ಣಪ್ಪನವರೇ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಪೊಲೀಸ್ ಇಲಾಖೆಯ ಸೇವೆಯಲ್ಲಿದ್ದ ಅವರು, ಹಿರಿಯರ ಕಂಠದಲ್ಲಿಯೇ ಉಳಿದಿದ್ದ ಹಾಡು, ಗಾದೆ, ಆಚಾರಗಳನ್ನು ಅಪಾರ ಶ್ರದ್ಧೆಯಿಂದ ಸಂಗ್ರಹಿಸಿ, ಕನ್ನಡ ಲಿಪಿಯಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಗ್ರಂಥವಾಗಿ 1924ರಲ್ಲಿ ಪ್ರಕಟಿಸಿದರು. ಅವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಅದನ್ನು ಇಂಗ್ಲಿಷಿಗೆ ಅನುವಾದಿಸಿ 2003ರಲ್ಲಿ ಬೆಳಕಿಗೆ ತಂದರು.