ತಾವು ಕಾಣದ ಶಾಲೆಯ ಗುರುಮಾತೆ

ನಮ್ಮ ಜಿಗಣಿಯಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ಬರುವ ತಂದೆತಾಯಿಗಳು ಮಗಳ ಶಾಲೆಯ ಬಗ್ಗೆ ಮೊದಲು ವಿಚಾರಿಸುವುದು ಶುಲ್ಕವನ್ನು, ಅನಂತರ ಬಸ್ಸನ್ನು. ಕಲಿಸುವವರನ್ನು ಸಿದ್ಧಗೊಳಿಸಿದವರು ಯಾರೆಂದು ಕೇಳುವವರು ವಿರಳ. ವೆರೋನಿಕಾ ಮಾತೆಯವರಿಗೆ ಅದೇ ಮೊದಲ ಪ್ರಶ್ನೆಯಾಗಿತ್ತು.

1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಜನಿಸಿದ ಸೋಫಿ ಲೀವ್ಸ್, 1850ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿ, ಮುಂದೆ ಕನ್ಯಾಸ್ತ್ರೀಯಾದರು. 1862ರಲ್ಲಿ ಕಲ್ಲಿಕೋಟೆಗೆ ಬಂದು ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿದರು. ಕರಾವಳಿಗೆ ಬೇಕಾಗಿದ್ದವರು ಪ್ರಾರ್ಥನೆ, ಬೋಧನೆ ಎರಡರಲ್ಲೂ ಪಳಗಿದ ಶಿಕ್ಷಕಿಯರು. ಫ್ರಾನ್ಸಿಗೆ ಮರಳಿದ ಅವರು ಪೋ ನಗರದ ಕಾರ್ಮೆಲ್ ಮಠವನ್ನು ಸೇರಿ, 1868ರಲ್ಲಿ ಬಯೋನ್ ಪಟ್ಟಣದಲ್ಲಿ ಅಪೋಸ್ತಲಿಕ ಕಾರ್ಮೆಲ್ ಸಂಸ್ಥೆಯನ್ನು ಸ್ಥಾಪಿಸಿದರು. ಧರ್ಮಾಧ್ಯಕ್ಷ ಮರಿ ಎಫ್ರೆಮರ ಕರೆಗೆ ಓಗೊಟ್ಟು, ಅವರು ತಯಾರು ಮಾಡಿದ ಭಗಿನಿಯರು 1870ರ ನವೆಂಬರಿನಲ್ಲಿ ಮಂಗಳೂರಿಗೆ ಬಂದಿಳಿದರು. ಸಂತ ಆನ್ನರ ಶಾಲೆ ಆರಂಭವಾಯಿತು.

ಮಾತೆಯವರು ಮಾತ್ರ ಬರಲಿಲ್ಲ. ಬಯೋನಿನ ಮಠವೂ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಅವರು ಪೋ ನಗರದ ಏಕಾಂತ ಮಠಕ್ಕೆ ಹಿಂದಿರುಗಿದರು. ಲೋಕದ ದೃಷ್ಟಿಯಲ್ಲಿ ಇದು ಸೋಲೇ ಸರಿ. ಗುರುಮಠದಲ್ಲಿ ಕಾರಣ ಮತ್ತು ಕಾರ್ಯಗಳ ಸಂಬಂಧವನ್ನು ಬಹಳ ಧೈರ್ಯದಿಂದ ವಾದಿಸುತ್ತಿದ್ದ ನನಗೆ ಈ ಜೀವನ ಇನ್ನೂ ಬಿಡಿಸಲಾಗದ ಒಗಟು. ಅದೇ ಸಂಸ್ಥೆಯ ಭಗಿನಿಯರು 1921ರಲ್ಲಿ ಮಂಗಳೂರಿನ ಸಂತ ಆಗ್ನೆಸ್ ಕಾಲೇಜನ್ನೂ, 1948ರಲ್ಲಿ ಬೆಂಗಳೂರಿನಲ್ಲಿ ಮೌಂಟ್ ಕಾರ್ಮೆಲ್ ಕಾಲೇಜನ್ನೂ ತೆರೆದರು. 2014ರಲ್ಲಿ ಪೋಪ್ ಫ್ರಾನ್ಸಿಸರು ಮಾತೆಯವರನ್ನು ‘ವಂದನೀಯ’ರೆಂದು ಘೋಷಿಸಿದರು.

1906ರಲ್ಲಿ ಅವರು ಪೋ ನಗರದಲ್ಲಿ ದೈವಾಧೀನರಾದಾಗ ಮಂಗಳೂರಿನ ಶಾಲೆಗೆ 36 ವರ್ಷ ತುಂಬುತ್ತಿತ್ತು. ಅದರ ಒಂದು ತರಗತಿಯಲ್ಲಿಯೂ ಅವರು ನಿಂತು ಪಾಠ ಹೇಳಿರಲಿಲ್ಲ.