ತಾರಸಿಯ ಕಾವಿಗೆ ತಡೆ

ಕಾಂಕ್ರೀಟ್ ತಾರಸಿ ಹಗಲಿಡೀ ಬಿಸಿಲು ಕುಡಿದು, ಸಂಜೆಯ ಮೇಲೆ ಅದನ್ನು ಮನೆಯೊಳಕ್ಕೆ ಬಿಡುತ್ತದೆ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ತಾರಸಿಯ ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಐದಾರು ಇಂಚಿನ ಸ್ಲ್ಯಾಬಿನಲ್ಲಿ ಆ ಕಾವು ಕೆಳಗಿಳಿಯಲು ಕೆಲವು ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ಅಂಗಳ ತಣ್ಣಗಾಗಿದ್ದರೂ, ಸ್ಟೂಲು ಹತ್ತಿ ಅಂಗೈಯನ್ನು ಸೂರಿಗೆ ಒತ್ತಿದರೆ ಬೆಚ್ಚಗೆ ತಾಗುವುದು ಅದಕ್ಕೇ. ಫ್ಯಾನು ಆ ಸೂರಿನಡಿಯ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಎಸಿ ಇದ್ದರೆ ಕರೆಂಟ್ ಬಿಲ್ಲು ಏರುತ್ತದೆ.

ಹಳೆಯ ಮನೆಗಳಿಗೆ ಈ ಪಾಡಿರಲಿಲ್ಲ. ವಿಜಯಪುರ ಸೀಮೆಯ ಮಾಳಿಗೆ ಮನೆಗಳಲ್ಲಿ ತೊಲೆ, ಜಂತಿಗಳ ಮೇಲೆ ದಪ್ಪ ಮಣ್ಣಿನ ಹೊದಿಕೆ ಇರುತ್ತಿತ್ತು. ಮಲೆನಾಡಿನಲ್ಲಿ ಹೆಂಚಿಗೂ ಕೋಣೆಗೂ ನಡುವೆ ಅಟ್ಟ. ಹಳೆ ಸಾಮಾನು ತುಂಬುವ ಜಾಗವೆಂದೇ ಅದಕ್ಕೆ ಹೆಸರು. ಆದರೆ ಹೆಂಚಿನ ಕಾವು ಅಲ್ಲೇ ತಂಗಿ, ಸಂದಿಗಳಿಂದ ಹೊರಗೆ ಹೋಗುತ್ತಿತ್ತು. ಆರ್‌ಸಿಸಿ ಬಂದ ಮೇಲೆ ಮಣ್ಣೂ ಹೋಯಿತು, ಅಟ್ಟವೂ ಹೋಯಿತು.

ಎಲ್ಲಕ್ಕಿಂತ ಅಗ್ಗದ ಉಪಾಯ ಬಿಳಿ ಬಳಿಯುವುದು. ಸುಣ್ಣವಾದರೂ ಸರಿ, ಬಿಸಿಲನ್ನು ಹಿಂದಕ್ಕೆ ಕಳಿಸುವ ಕೂಲ್ ರೂಫ್ ಪೇಂಟಾದರೂ ಸರಿ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ತಂದಿದೆ. ಬಿಳುಪಿಗೆ ಶತ್ರು ಧೂಳು. ಬೇಸಿಗೆ ಶುರುವಾಗುವ ಮೊದಲು ತಾರಸಿ ತೊಳೆಯದಿದ್ದರೆ ಬಳಿದ ಲಾಭ ಅರ್ಧಕ್ಕೆ ನಿಂತೀತು. ಸುಣ್ಣವಂತೂ ಒಂದು ಮಳೆಗಾಲಕ್ಕೇ ಮಾಸುತ್ತದೆ.

ಶಾಶ್ವತ ಕೆಲಸವೆಂದರೆ ತಾಪ ತಡೆಯುವ ಹಾಸು. ಬೋಳು ಸ್ಲ್ಯಾಬಿನಲ್ಲಿ ಎರಡು ಬದಿಗೆ ಒಂದು ಡಿಗ್ರಿ ವ್ಯತ್ಯಾಸವಿದ್ದರೆ, ಪ್ರತಿ ಚದರ ಮೀಟರಿಗೆ ಸುಮಾರು 3 ವ್ಯಾಟ್‌ನಷ್ಟು ಕಾವು ಇಳಿಯುತ್ತದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ಹೊರತಂದ ‘ಇಕೊ ನಿವಾಸ್ ಸಂಹಿತಾ’ ಇದಕ್ಕೆ 1.2ರ ಮಿತಿ ಹಾಕಿದೆ. ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಬೋರ್ಡನ್ನು 25 ಮಿಲಿಮೀಟರ್ ದಪ್ಪಕ್ಕೆ ಹಾಸಿದರೆ ಲೆಕ್ಕ 0.9ರ ಆಸುಪಾಸಿಗೆ ಬರುತ್ತದೆ, 50ಕ್ಕೆ 0.5, 75ಕ್ಕೆ 0.4ರ ಒಳಗೆ. ಮೊದಲ ಇಂಚೇ ಮುಕ್ಕಾಲು ಕೆಲಸ ಮುಗಿಸಿಬಿಡುತ್ತದೆ. ಎಸಿ ಹೆಚ್ಚು ಬಳಸುವ ಮನೆಗೆ ಎರಡಿಂಚು ಸಾಕು. ಮೂರನೆಯದಕ್ಕೆ ಹಾಕುವ ದುಡ್ಡನ್ನು ಕಿಟಕಿಯ ಸಜ್ಜಕ್ಕೆ ಹಾಕುವುದು ಜಾಣತನ.

ಹಾಸು ಸ್ಲ್ಯಾಬಿನ ಮೇಲಿರಬೇಕೋ ಕೆಳಗಿರಬೇಕೋ? ಮೇಲೇ ಲೇಸು, ಸ್ಲ್ಯಾಬೇ ಕಾಯುವುದು ತಪ್ಪುತ್ತದೆ. ಕೆಳಗೆ ಫಾಲ್ಸ್ ಸೀಲಿಂಗ್ ಮಾಡಿ ರಾಕ್‌ವೂಲ್ ತುಂಬಿದರೆ ಕೋಣೆಗೆ ತಂಪು ಸಿಗುತ್ತದೆ ನಿಜ. ಆದರೆ ಸ್ಲ್ಯಾಬು ಹಿಗ್ಗಿ ಕುಗ್ಗಿ ಬಿರುಕು ಬಿಡುವುದು ನಿಲ್ಲದು, ಸೋರಿಕೆಯೂ ಬೇಗ ಕಣ್ಣಿಗೆ ಬೀಳದು. ತಾರಸಿಯ ಮೇಲೆ ಹಕ್ಕಿಲ್ಲದ ಫ್ಲ್ಯಾಟಿನವರಿಗೆ ಮಾತ್ರ ಅದೇ ಗತಿ.

ಕೆಲಸ ಕೆಡುವುದು ಹೆಚ್ಚಾಗಿ ನೀರಿನಿಂದ. ಮೊದಲು ಬಿರುಕು ತುಂಬಿ, ಮಳೆನೀರಿನ ಪೈಪಿನ ಕಡೆಗೆ ಇಳಿಜಾರು ಸರಿಮಾಡಿ ವಾಟರ್‌ಪ್ರೂಫಿಂಗ್ ಮುಗಿಸಬೇಕು. ಪೈಪಿನ ಬಾಯಿ ಮುಚ್ಚಿ ತಾರಸಿಯಲ್ಲಿ ಒಂದೆರಡು ದಿನ ನೀರು ನಿಲ್ಲಿಸಿ, ಕೆಳಗೆ ತೇವ ಕಾಣದಿದ್ದರಷ್ಟೇ ಬೋರ್ಡ್ ಹಾಸುವುದು. ಬೋರ್ಡುಗಳ ನಡುವೆ ಸಂದಿ ಉಳಿಯಬಾರದು. ಬಿಸಿಲು ಬಿದ್ದರೆ ಅವು ಪುಡಿಯಾಗುವುದರಿಂದ, ತಡಮಾಡದೆ ಮೇಲೆ ಜಾಲರಿ ಹಾಕಿ ಕಾಂಕ್ರೀಟ್ ಹೊದಿಸಿ, ತಿಳಿಬಣ್ಣದ ಟೈಲ್ಸ್ ಕೂರಿಸುತ್ತಾರೆ.