ಬೆಂಗಳೂರು ಫುಟ್‌ಬಾಲ್ ಕ್ಲಬ್: ಒಂದು ವೃತ್ತಿಪರ ತಂಡದ ಏಳುಬೀಳು

ಆಟವು ಬಿಡುವಿನ ವೇಳೆಯ ವಿನೋದ, ನೌಕರಿಯು ಜೀವನದ ಆಧಾರ ಎಂಬ ಎಣಿಕೆ ಮಧ್ಯಮ ವರ್ಗದ ಕುಟುಂಬಗಳಲ್ಲಿ ಬಹುಕಾಲದಿಂದ ಬೇರೂರಿದೆ. ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳೂ ಇದಕ್ಕೆ ಹೊರತಲ್ಲ. ಮಗನೋ ಮಗಳೋ ಸಂಜೆ ಮೈದಾನದಿಂದ ತಡವಾಗಿ ಬಂದರೆ ‘ಆಟ ಅನ್ನ ಹಾಕೀತೇ?’ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಈ ಪ್ರಶ್ನೆಗೆ ಹೌದೆಂದೋ ಅಲ್ಲವೆಂದೋ ಒಂದೇ ಮಾತಿನಲ್ಲಿ ಉತ್ತರಿಸಲು ಬಾರದು. ಆದರೆ ಕರ್ನಾಟಕದ ರಾಜಧಾನಿಯಲ್ಲಿ 2013ರಲ್ಲಿ ಹುಟ್ಟಿ, ಪ್ರಥಮ ಋತುವಿನಲ್ಲಿಯೇ ರಾಷ್ಟ್ರೀಯ ಪ್ರಶಸ್ತಿ ಗಳಿಸಿದ ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆಯನ್ನು ಅವಲೋಕಿಸಿದರೆ, ಆಟವು ಅನ್ನ ಹಾಕಬೇಕಾದರೆ ಏನೇನು ಕೂಡಿಬರಬೇಕು ಎಂಬುದು ತಕ್ಕಮಟ್ಟಿಗೆ ಸ್ಪಷ್ಟವಾಗುತ್ತದೆ.

ಕ್ಲಬ್ಬಿಗೆ ಮುಂಚಿನ ಕಾಲ

ಬೆಂಗಳೂರಿಗೆ ಕಾಲ್ಚೆಂಡಾಟ ಹೊಸದಲ್ಲ. ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ ಪಂದ್ಯಾವಳಿಯಲ್ಲಿ ಬಹುಕಾಲ ಬ್ರಿಟಿಷ್ ಸೈನ್ಯದ ತಂಡಗಳದೇ ಮೇಲುಗೈಯಾಗಿತ್ತು. ಆ ಕಪ್ಪನ್ನು 1937ರಲ್ಲಿಯೂ ಮತ್ತೆ 1938ರಲ್ಲಿಯೂ ಗೆದ್ದು ತಂದವರು ‘ಬೆಂಗಳೂರು ಮುಸ್ಲಿಮ್ಸ್’ ತಂಡದವರು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯವು 1946-47, 1952-53, 1967-68 ಮತ್ತು 1968-69ರಲ್ಲಿ, ಹೀಗೆ ನಾಲ್ಕು ಬಾರಿ ತನ್ನದಾಗಿಸಿಕೊಂಡಿತು.

ಇಷ್ಟಿದ್ದರೂ ಊರಿನ ಪ್ರತಿಭೆಗೆ ಊರಿನಲ್ಲಿ ಜೀವನೋಪಾಯವಿರಲಿಲ್ಲ. ಅಹಮದ್ ಖಾನ್, ಧನರಾಜ್ ಮೊದಲಾದ ಬೆಂಗಳೂರಿನ ಆಟಗಾರರು ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಕೀರ್ತಿ ಪಡೆದರು. ಉದ್ಯೋಗವನ್ನರಸಿ ಹುಟ್ಟಿದೂರು ಬಿಟ್ಟು ಮುಂಬಯಿಗೆ ಬಂದವರಿಗೆ ಈ ಸಂಗತಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಊರಿನಲ್ಲಿಯೇ ಉಳಿದವರಿಗೆ ಆಸರೆಯಾದದ್ದು ಕಾರ್ಖಾನೆ, ಸೈನ್ಯ ಹಾಗೂ ಕಚೇರಿಗಳ ತಂಡಗಳು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಎಂಬ ಸರ್ಕಾರಿ ಉದ್ಯಮದ ತಂಡವು 1977ರಲ್ಲಿ ಪ್ರಥಮ ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನ್ ತಂಡವನ್ನೇ ಸೋಲಿಸಿತು. ಹಿಂದೂಸ್ತಾನ್ ಏರೋನಾಟಿಕ್ಸ್ ತಂಡವು 2010ರಿಂದ 2012ರವರೆಗೆ ಐ-ಲೀಗಿನಲ್ಲಿ ಆಡಿತು. ಈ ಪದ್ಧತಿಯಲ್ಲಿ ಆಟಗಾರನು ಮೊದಲು ನೌಕರ, ಅನಂತರ ಆಟಗಾರ. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಅಭ್ಯಾಸಕ್ಕೆ ಹೋಗುವನು. ಕಾಲಿನ ಬಲ ಕುಗ್ಗಿದ ಮೇಲೆ ಮೇಜಿನ ಮುಂದೆ ಕುಳಿತು ನಿವೃತ್ತಿಯವರೆಗೆ ದುಡಿಯುವನು. ಅನೇಕ ಸಂಸಾರಗಳು ಈ ವ್ಯವಸ್ಥೆಯಿಂದ ನೆಮ್ಮದಿ ಕಂಡವೆಂಬುದನ್ನು ಮರೆಯಲಾಗದು.

ಆದರೆ ಅದಕ್ಕೊಂದು ಕೊರತೆಯೂ ಇತ್ತು. ತಂಡವು ಸಂಸ್ಥೆಯ ಮುಖ್ಯ ವ್ಯವಹಾರವಲ್ಲವಾದ್ದರಿಂದ ಆಡಳಿತ ಮಂಡಲಿಯ ಒಲವು ತಪ್ಪಿದ ದಿನ ತಂಡವೂ ಇಲ್ಲವಾಗುತ್ತಿತ್ತು. ಒಂದು ಉದ್ಯಮ ಸಮೂಹದ ಆಶ್ರಯದಲ್ಲಿದ್ದು, 2005-06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದ ಮುಂಬಯಿಯ ಮಹೀಂದ್ರ ಯುನೈಟೆಡ್ ತಂಡವನ್ನು 2010ರಲ್ಲಿ ಮುಚ್ಚಲಾಯಿತು.

ಪ್ರಥಮ ವರ್ಷದ ವಿಜಯ

2013ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನು ಉದ್ಯಮ ಸಂಸ್ಥೆಗಳಿಗೆ ಹೊಸ ತಂಡ ಕಟ್ಟಿ ಐ-ಲೀಗಿಗೆ ನೇರವಾಗಿ ಪ್ರವೇಶಿಸುವ ಅವಕಾಶ ನೀಡಿತು. ಬೆಂಗಳೂರಿನ ಹಕ್ಕನ್ನು ಪಡೆದದ್ದು ಜೆ.ಎಸ್.ಡಬ್ಲ್ಯು. ಸಮೂಹ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ನಡೆಸುವ ಈ ಸಮೂಹದ ಪ್ರಧಾನ ಕಚೇರಿ ಇರುವುದು ಮುಂಬಯಿಯಲ್ಲಿ. ಕನ್ನಡ ನಾಡಿನ ತಂಡಕ್ಕೆ ಮುಂಬಯಿಯ ಬಂಡವಾಳ ಒದಗಿದ್ದು ಹೀಗೆ.

2013ರ ಜುಲೈ 20ರಂದು ಕ್ಲಬ್ಬಿನ ಹೆಸರನ್ನೂ ಲಾಂಛನವನ್ನೂ ಪ್ರಕಟಿಸಲಾಯಿತು. ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ತರಬೇತುದಾರರಾಗಿಯೂ ಭಾರತ ತಂಡದ ನಾಯಕ ಸುನಿಲ್ ಛೆಟ್ರಿ ನಾಯಕರಾಗಿಯೂ ನೇಮಕಗೊಂಡರು. ಸೆಪ್ಟೆಂಬರ್ 22ರಂದು ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧ ನಡೆದ ಪ್ರಥಮ ಪಂದ್ಯ 1-1ರಿಂದ ಸಮವಾಯಿತು. ಆ ಋತುವಿನ 24 ಪಂದ್ಯಗಳಿಂದ 47 ಅಂಕಗಳನ್ನು ಸಂಪಾದಿಸಿದ ಹೊಸ ತಂಡವು 2014ರ ಏಪ್ರಿಲ್ 21ರಂದು ಗೋವೆಯಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಐ-ಲೀಗ್ ಪ್ರಶಸ್ತಿಯನ್ನು ಕೈವಶ ಮಾಡಿಕೊಂಡಿತು. ಶತಮಾನ ದಾಟಿದ ಕ್ಲಬ್ಬುಗಳಿರುವ ಕ್ಷೇತ್ರದಲ್ಲಿ ಒಂದು ವರ್ಷವೂ ತುಂಬದ ಸಂಸ್ಥೆಯ ಈ ಸಾಧನೆ ಎಲ್ಲರನ್ನೂ ಬೆರಗುಗೊಳಿಸಿತು.

ವೃತ್ತಿಪರತೆ ಎಂದರೇನು?

ಕೇವಲ ಹಣ ಸುರಿದುದರಿಂದ ಈ ಗೆಲುವು ಬಂದಿತೆಂದು ಭಾವಿಸುವುದು ಸರಿಯಲ್ಲ. ಹಣ ಸುರಿದೂ ಸೋತ ತಂಡಗಳು ಹಲವಿವೆ. ವೃತ್ತಿಪರ ಕ್ಲಬ್ಬಿನಲ್ಲಿ ಆಟಗಾರನಿಗೂ ಸಂಸ್ಥೆಗೂ ನಿಶ್ಚಿತ ಅವಧಿಯ ಲಿಖಿತ ಕರಾರಿರುತ್ತದೆ. ಅವನ ಕೆಲಸವೇ ಆಟ. ಅಭ್ಯಾಸ, ಊಟ, ವಿಶ್ರಾಂತಿ, ನಿದ್ರೆ ಇವೆಲ್ಲವೂ ಆ ಕೆಲಸದ ಅಂಗಗಳು. ಒಂದು ಪಂದ್ಯದ 90 ನಿಮಿಷಗಳಲ್ಲಿ ಮಧ್ಯಕ್ಷೇತ್ರದ ಆಟಗಾರನು ಸುಮಾರು 10 ಕಿಲೋಮೀಟರ್ ಓಡುವನಾದ್ದರಿಂದ, ಅವನ ದೇಹಕ್ಕೆ ಎಷ್ಟು ಪಿಷ್ಟ, ಎಷ್ಟು ಸಸಾರಜನಕ, ಎಷ್ಟು ನೀರು ಬೇಕೆಂಬುದನ್ನು ಬಲ್ಲವರು ನಿರ್ಧರಿಸುತ್ತಾರೆ. ಸ್ನಾಯು ಸೆಳೆತ ಬಂದರೆ ಎಣ್ಣೆ ತಿಕ್ಕಿ ಮರುದಿನವೇ ಮೈದಾನಕ್ಕೆ ಕಳುಹಿಸುವುದಿಲ್ಲ. ವೈದ್ಯರೂ ಅಂಗಮರ್ದನ ತಜ್ಞರೂ ಪರೀಕ್ಷಿಸಿ ಒಪ್ಪಿಗೆ ನೀಡಿದ ಮೇಲೆಯೇ ಅವನು ಮತ್ತೆ ಆಡಬೇಕು.

ಏಷ್ಯಾ ಖಂಡದ ಫುಟ್‌ಬಾಲ್ ಒಕ್ಕೂಟವು ಕ್ಲಬ್ಬುಗಳಿಗೆ ಪರವಾನಗಿ ನೀಡುವಾಗ ಐದು ವಿಷಯಗಳನ್ನು ಪರಿಶೀಲಿಸುತ್ತದೆ: ಕ್ರೀಡೆ ಮತ್ತು ಕಿರಿಯರ ತರಬೇತಿ, ಮೈದಾನದ ಸೌಕರ್ಯ, ಸಿಬ್ಬಂದಿ ಮತ್ತು ಆಡಳಿತ, ಕಾನೂನು, ಹಣಕಾಸು. ಲೆಕ್ಕಪತ್ರಗಳು ಪರಿಶೋಧನೆಗೆ ಒಳಗಾಗಿರಬೇಕು. ಆಟಗಾರರ ವೇತನದ ಬಾಕಿ ಉಳಿದಿರಕೂಡದು. ಬ್ಯಾಂಕು ಸಾಲ ಕೊಡುವ ಮುನ್ನ ವ್ಯಾಪಾರಿಯ ಲೆಕ್ಕ ನೋಡುವಂತೆ ಇಲ್ಲಿಯೂ ಅಂಕಣದ ಆಟಕ್ಕಿಂತ ಮೊದಲು ಅಂಕಿಗಳ ಪರೀಕ್ಷೆ ನಡೆಯುತ್ತದೆ.

ದೋಹಾದಿಂದ ಅಂಧೇರಿಯವರೆಗೆ

ಕ್ಲಬ್ಬು ಎರಡನೆಯ ಋತುವಿನಲ್ಲಿ ಫೆಡರೇಷನ್ ಕಪ್ ಗೆದ್ದು, ಲೀಗಿನಲ್ಲಿ ಮೋಹನ್ ಬಾಗಾನ್‌ಗಿಂತ ಎರಡೇ ಅಂಕ ಹಿಂದೆ ಉಳಿಯಿತು. ಆ ವೇಳೆಗೆ ತಂಡವು ಸಣ್ಣ ಅಂಗಣವನ್ನು ಬಿಟ್ಟು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಬಂದಿತ್ತು. 2016ರಲ್ಲಿ ಎರಡನೆಯ ಬಾರಿ ಐ-ಲೀಗ್ ಗೆದ್ದಿತು.

ಅದೇ ವರ್ಷ ಸ್ಪೇನಿನ ಆಲ್ಬರ್ಟ್ ರೋಕಾ ತರಬೇತುದಾರರಾಗಿ ಬಂದರು. ಎ.ಎಫ್.ಸಿ. ಕಪ್ಪಿನ ಉಪಾಂತ್ಯ ಪಂದ್ಯದಲ್ಲಿ ಮಲೇಷ್ಯದ ಜೊಹೋರ್ ತಂಡವು ಎದುರಾಳಿ. ಜೊಹೋರ್ ಹಿಂದಿನ ವರ್ಷದ ವಿಜೇತ ತಂಡವಾಗಿತ್ತು. ಅಲ್ಲಿ 1-1ರ ಸಮ ಸಾಧಿಸಿದ ಬೆಂಗಳೂರು, ಅಕ್ಟೋಬರ್ 19ರಂದು ಕಂಠೀರವದಲ್ಲಿ 3-1ರಿಂದ ಜಯಗಳಿಸಿ, ಆ ಕಪ್ಪಿನ ಅಂತಿಮ ಘಟ್ಟ ತಲುಪಿದ ಪ್ರಪ್ರಥಮ ಭಾರತೀಯ ಕ್ಲಬ್ಬೆನಿಸಿತು. ನವೆಂಬರ್ 5ರಂದು ಕತಾರಿನ ದೋಹಾದಲ್ಲಿ ಇರಾಕಿನ ವಾಯುಸೇನಾ ತಂಡದೆದುರು 0-1ರಿಂದ ಸೋಲಾಯಿತು. ನಾಲ್ಕು ವರ್ಷದ ಹಿಂದೆ ಇಲ್ಲದಿದ್ದ ಸಂಸ್ಥೆಗೆ ಅದು ಅಗೌರವದ ಸೋಲಾಗಿರಲಿಲ್ಲ.

2017ರಲ್ಲಿ ಮತ್ತೊಂದು ಫೆಡರೇಷನ್ ಕಪ್ ಗೆದ್ದ ಬಳಿಕ ಕ್ಲಬ್ಬು ಇಂಡಿಯನ್ ಸೂಪರ್ ಲೀಗ್ ಸೇರಿತು. ಪ್ರಥಮ ಋತುವಿನಲ್ಲಿ ಲೀಗ್ ಹಂತದ ಅಗ್ರಸ್ಥಾನ ಪಡೆದರೂ, 2018ರ ಮಾರ್ಚ್ 17ರಂದು ಸ್ವಂತ ಅಂಗಣದಲ್ಲಿಯೇ ಚೆನ್ನೈಯಿನ್ ತಂಡಕ್ಕೆ 2-3ರಿಂದ ಶರಣಾಯಿತು. ಸರಿಯಾಗಿ ಒಂದು ವರ್ಷದ ಅನಂತರ, 2019ರ ಮಾರ್ಚ್ 17ರಂದು ಅಂತಿಮ ಪಂದ್ಯ ನಡೆದದ್ದು ಮುಂಬಯಿಯ ಅಂಧೇರಿಯಲ್ಲಿ. ಎದುರಾಳಿ ಗೋವೆಯ ತಂಡ. ನಿಗದಿತ ಅವಧಿಯಲ್ಲಿ ಗೋಲಿಲ್ಲ. ಹೆಚ್ಚುವರಿ ಅವಧಿಯ 117ನೆಯ ನಿಮಿಷದಲ್ಲಿ ಕಾರ್ನರ್ ಚೆಂಡಿಗೆ ತಲೆಕೊಟ್ಟು ಗೋಲಿನೊಳಕ್ಕೆ ತೂರಿಸಿದವರು ರಾಹುಲ್ ಭೇಕೆ. ಮುಂಬಯಿಯ ಹುಡುಗನೊಬ್ಬ ಮುಂಬಯಿಯ ನೆಲದಲ್ಲಿಯೇ ಬೆಂಗಳೂರಿಗೆ ಕಿರೀಟ ತೊಡಿಸಿದನು. ಎರಡು ಊರುಗಳನ್ನೂ ತಮ್ಮವೆಂದು ಬಗೆಯುವ ಕನ್ನಡಿಗರಿಗೆ ಇದಕ್ಕಿಂತ ಸಂತೋಷದ ಸಂಗತಿ ಇನ್ನಾವುದಿದ್ದೀತು!

ಇಳಿತದ ವರ್ಷಗಳು

ಏರಿದ್ದು ಇಳಿಯಲೇಬೇಕು. ಕೋವಿಡ್ ಸಾಂಕ್ರಾಮಿಕದ ಕಾರಣ ಲೀಗ್ ಗೋವೆಗೆ ಸೀಮಿತವಾದ 2020-21ರಲ್ಲಿ ಕ್ಲಬ್ಬು ಏಳನೆಯ ಸ್ಥಾನಕ್ಕೆ ಕುಸಿಯಿತು. 2022ರಲ್ಲಿ ಮುಂಬಯಿ ಸಿಟಿ ತಂಡವನ್ನು ಸೋಲಿಸಿ ಪುರಾತನವಾದ ಡ್ಯುರಾಂಡ್ ಕಪ್ ಗೆದ್ದಿತಾದರೂ, 2023ರ ಸೂಪರ್ ಲೀಗ್ ಅಂತಿಮ ಪಂದ್ಯದಲ್ಲಿ ಪೆನಾಲ್ಟಿ ಒದೆತಗಳಲ್ಲಿ ಸೋತಿತು. 2023-24ರಲ್ಲಿ 12 ತಂಡಗಳ ಪೈಕಿ ಹತ್ತನೆಯದಾಯಿತು. ಮರುವರ್ಷವೇ ಚೇತರಿಸಿಕೊಂಡು 2025ರ ಏಪ್ರಿಲ್ 12ರಂದು ಕಲ್ಕತ್ತೆಯಲ್ಲಿ ಅಂತಿಮ ಪಂದ್ಯವಾಡಿ, ಮೋಹನ್ ಬಾಗಾನಿಗೆ ಹೆಚ್ಚುವರಿ ಅವಧಿಯಲ್ಲಿ 1-2ರಿಂದ ಮಣಿಯಿತು.

ಈ ಸೋಲುಗಳೆಲ್ಲವೂ ಆಟದ ಧರ್ಮಕ್ಕೆ ಸೇರಿದವು. ನಿಜವಾದ ಪೆಟ್ಟು ಬಿದ್ದುದು ಮೈದಾನದ ಹೊರಗೆ. ಫೆಡರೇಷನ್ನಿಗೂ ಲೀಗ್ ನಡೆಸುವ ವಾಣಿಜ್ಯ ಸಂಸ್ಥೆಗೂ 2010ರಲ್ಲಿ ಆಗಿದ್ದ 15 ವರ್ಷಗಳ ಒಪ್ಪಂದವು 2025ರ ಡಿಸೆಂಬರಿನಲ್ಲಿ ಮುಗಿಯಲಿತ್ತು. ಮುಂದೇನೆಂಬುದು ಇತ್ಯರ್ಥವಾಗದ ಕಾರಣ 2025ರ ಜುಲೈಯಲ್ಲಿ ಹೊಸ ಋತುವನ್ನು ತಡೆಹಿಡಿಯಲಾಯಿತು. ಪಂದ್ಯವಿಲ್ಲದೆ ಟಿಕೇಟಿಲ್ಲ, ಪ್ರಸಾರವಿಲ್ಲ, ಜಾಹೀರಾತಿಲ್ಲ. ಆದರೆ ವೇತನದ ದಿನ ಮಾತ್ರ ತಪ್ಪದೆ ಬರುತ್ತದೆ. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಕ್ಲಬ್ಬು ಹಿರಿಯರ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ಸ್ಥಗಿತಗೊಳಿಸಿರುವುದಾಗಿ ಪ್ರಕಟಿಸಿತು. ಕಿರಿಯರ ತರಬೇತಿಯನ್ನು ಮುಂದುವರಿಸುವುದಾಗಿಯೂ ತಿಳಿಸಿತು. ವಾಣಿಜ್ಯ ಹಕ್ಕಿಗಾಗಿ ಫೆಡರೇಷನ್ನು ಕರೆದ ಟೆಂಡರಿಗೆ ನವೆಂಬರಿನಲ್ಲಿ ಒಂದು ಅರ್ಜಿಯೂ ಬರಲಿಲ್ಲ. ಕೊನೆಗೆ ಕೇಂದ್ರ ಸರ್ಕಾರವು ಮಧ್ಯೆ ಪ್ರವೇಶಿಸಿ, ಫೆಬ್ರವರಿ 14ರಿಂದ ಲೀಗ್ ಆರಂಭವಾಗುವುದೆಂದು 2026ರ ಜನವರಿಯಲ್ಲಿ ಘೋಷಿಸಬೇಕಾಯಿತು.

ವೃತ್ತಿಪರತೆಯ ಗುಣದೋಷಗಳೆರಡೂ ಈ ಪ್ರಕರಣದಿಂದ ವ್ಯಕ್ತವಾಗುತ್ತವೆ. ಕಚೇರಿ ತಂಡದ ಆಟಗಾರನಿಗೆ ಆಟ ನಿಂತರೂ ನೌಕರಿಯಿತ್ತು. ವೃತ್ತಿಪರ ಆಟಗಾರನಿಗೆ ವೇತನ ಹೆಚ್ಚು. ಆದರೆ ಆ ವೇತನ ಮಾಲಿಕನ ಕಿಸೆಯನ್ನೂ ಲೀಗಿನ ಒಪ್ಪಂದವನ್ನೂ ಅವಲಂಬಿಸಿದೆ. ಸ್ಪೇನಿನ ಬಾರ್ಸಿಲೋನದಂಥ ಕ್ಲಬ್ಬುಗಳಿಗೆ ಒಡೆಯನೆಂಬವನಿಲ್ಲ; ಚಂದಾ ತೆತ್ತ ಸದಸ್ಯರೇ ಮತ ಚಲಾಯಿಸಿ ಅಧ್ಯಕ್ಷನನ್ನು ಆರಿಸುತ್ತಾರೆ. ಸದಸ್ಯರ ಚಂದಾ ಹಣದಿಂದಲೇ ನಡೆಯುವ ಕನ್ನಡ ಸಂಘಗಳ ಪರಿಚಯವಿರುವವರಿಗೆ ಈ ವ್ಯವಸ್ಥೆಯ ಬಲವೂ ಕಷ್ಟವೂ ಸುಲಭವಾಗಿ ಅರ್ಥವಾಗುವುದು. ಬೆಂಗಳೂರಿನ ಕ್ಲಬ್ಬಿಗೂ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿಗಳ ಬಳಗವಿದೆ. ಗೆದ್ದಾಗಲೂ ಸೋತಾಗಲೂ ಕಂಠೀರವದ ಪಶ್ಚಿಮದ ಮೆಟ್ಟಿಲುಗಳ ಮೇಲೆ ನಿಂತು ಹಾಡುವ ಇವರೇ ಊರಿನೊಡನೆ ತಂಡಕ್ಕಿರುವ ದೃಢವಾದ ನಂಟು.

ಪಾಲಕರು ಗಮನಿಸಬೇಕಾದದ್ದು

ಹಾಗಾದರೆ ಮಕ್ಕಳನ್ನು ಮೈದಾನಕ್ಕೆ ಕಳುಹಿಸಬಾರದೇ? ಖಂಡಿತ ಕಳುಹಿಸಬೇಕು. 5ರಿಂದ 17 ವರ್ಷದ ಮಕ್ಕಳು ದಿನವೊಂದಕ್ಕೆ ಸರಾಸರಿ 60 ನಿಮಿಷಗಳಾದರೂ ಮೈಬೆವರುವಂತೆ ಚಟುವಟಿಕೆಯಿಂದಿರಬೇಕು, ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ವ್ಯಾಯಾಮ ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ನಿಂತು ಬಂದುದನ್ನೇ ವ್ಯಾಯಾಮವೆಂದು ತಿಳಿಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸಾವಿರ ಮಕ್ಕಳಲ್ಲಿ ಒಬ್ಬನೂ ವೃತ್ತಿಪರ ಆಟಗಾರನಾಗದಿರಬಹುದು. ಆದರೆ ಆಡಿದ ಪ್ರತಿಯೊಬ್ಬನ ಹೃದಯ, ಎಲುಬು, ನಿದ್ರೆಗಳಿಗೆ ಅದರ ಲಾಭ ಸಲ್ಲುತ್ತದೆ.

ಮಗುವಿನಲ್ಲಿ ಅಸಾಧಾರಣ ಸಾಮರ್ಥ್ಯ ಕಂಡುಬಂದರೆ ಅದನ್ನು ಗದರಿಸಿ ಅಡಗಿಸುವುದೂ ಸಲ್ಲದು, ಓದನ್ನು ತೊರೆಸಿ ಆಟವೊಂದಕ್ಕೇ ಒಪ್ಪಿಸುವುದೂ ಸಲ್ಲದು. ಆಟಗಾರನ ವೃತ್ತಿಜೀವನ 35ರ ಆಸುಪಾಸಿನಲ್ಲಿ ಮುಗಿಯುವುದೇ ಹೆಚ್ಚು. ಬದುಕು ಅದರ ಮೇಲೂ ಬಹುಕಾಲ ಸಾಗಬೇಕು. ಆದ್ದರಿಂದ ಶಿಕ್ಷಣ, ಉಳಿತಾಯ, ಅಪಘಾತ ವಿಮೆ, ಓದಿ ತಿಳಿದು ಸಹಿ ಹಾಕಿದ ಕರಾರು, ಈ ನಾಲ್ಕು ಆಟಗಾರನಿಗೆ ಕಾಲಿನ ಬೂಟುಗಳಷ್ಟೇ ಅವಶ್ಯಕ. ಹನ್ನೆರಡು ವರ್ಷಗಳಲ್ಲಿ ಶಿಖರವನ್ನೂ ಕಣಿವೆಯನ್ನೂ ಕಂಡ ಬೆಂಗಳೂರಿನ ಕ್ಲಬ್ಬು ‘ಆಟ ಅನ್ನ ಹಾಕೀತೇ?’ ಎಂಬ ಪ್ರಶ್ನೆಗೆ ಕೊಡುವ ಉತ್ತರವಿಷ್ಟೇ: ಹಾಕೀತು, ಆದರೆ ನಾಳೆಯ ಅನ್ನವನ್ನು ಇಂದೇ ತೆಗೆದಿಡುವ ವಿವೇಕ ಆಟಗಾರನಿಗೂ ಕ್ಲಬ್ಬಿಗೂ ಇರಬೇಕು.